ಕೆಡವಲಿಕ್ಕೆ ಹೇಳಿದ ಗೋಡೆ

೧೯೭೦ರಲ್ಲಿ ನಾನು ಏಳನೆಯ ತರಗತಿಗೇ ಶಾಲೆ ಬಿಟ್ಟೆ. ಓದು ತಲೆಗೆ ಹತ್ತದೆ ಬಿಟ್ಟದ್ದಲ್ಲ. ಕಲ್ಲು ಕೆಲಸದ ಅಪ್ಪನ ಬೆನ್ನು ಹೋಗಿತ್ತು, ಇನ್ನಂಜೆಯ ನಮ್ಮ ಮನೆಯಲ್ಲಿ ದುಡಿಯುವ ಕೈ ಬೇರೆ ಇರಲಿಲ್ಲ. ಕಾರ್ಕಳದ ಕೋರೆಯಲ್ಲಿ ಶಿಲೆಕಲ್ಲು ಒಡೆಯಲು ಕಲಿತೆ, ಆಮೇಲೆ ಕಟ್ಟಲು ಕಲಿತೆ, ಆಮೇಲೆ ಮೇಸ್ತ್ರಿಯಾದೆ. ಇದನ್ನು ಹೇಳಲು ನನಗೆ ಸಂಕೋಚವಿಲ್ಲ. ಪೇಪರು ಓದುತ್ತೇನೆ, ಸಹಿ ಹಾಕುತ್ತೇನೆ, ನಾನು ಕಟ್ಟಿದ್ದು ನಿಲ್ಲುತ್ತದೆ.

ಆಗ ನಮ್ಮ ಉಡುಪಿ ಕಡೆ ರೈಲೇ ಇರಲಿಲ್ಲ. ನೋಡಬೇಕಾದರೆ ಮಂಗಳೂರಿಗೆ ಹೋಗಬೇಕಿತ್ತು. ಹಾಗಾಗಿ ಎಂಬತ್ತರ ದಶಕದ ನಡುವಿನ ಒಂದು ಮಳೆಗಾಲದಲ್ಲಿ, ಉಡುಪಿಯ ಗುತ್ತಿಗೆದಾರರೊಬ್ಬರು ನನ್ನನ್ನು ಘಟ್ಟದ ರೈಲುದಾರಿಯ ಕೆಲಸಕ್ಕೆ ಕರೆದಾಗ, ಕಾಪುವಿನ ಹೋಟೆಲಿನಲ್ಲಿ ಚಾ ಕುಡಿಯುತ್ತಿದ್ದವರೆಲ್ಲ ನಕ್ಕರು. ಒಂದು ದಿನವೂ ರೈಲು ಹತ್ತದವನು ರೈಲನ್ನು ರಿಪೇರಿ ಮಾಡಲಿಕ್ಕೆ ಹೊರಟ ಎಂದರು. ನಗಲಿ ಎಂದು ನಾನು ಹೊರಟೆ. ಜೊತೆಗೆ ಕಾರ್ಕಳದ ಕೆಲವು ಆಳುಗಳು, ಮತ್ತೆ ನನ್ನ ಹೆಂಡತಿಯ ತಮ್ಮ. ನಾವು ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುವುದು.

ಘಟ್ಟದಲ್ಲಿ ಗುಡ್ಡ ಜರಿದು, ಮಣ್ಣು ತಡೆಯುವ ಗೋಡೆಯನ್ನು ಹೊತ್ತುಕೊಂಡು ಹಳಿಯ ಮೇಲೆ ಬಿದ್ದಿತ್ತು. ಮಣ್ಣು ತೆಗೆಯುವವರು ಬೇರೆ, ಗೋಡೆ ನಮ್ಮದು. ರೈಲು ನಿಂತಿದೆ, ಬೇಗ ಬೇಗ ಎಂದು ದಿನಕ್ಕೊಬ್ಬರು ಬಂದು ಹೇಳಿ ಹೋಗುತ್ತಿದ್ದರು. ತಲೆಗೆ ಪ್ಲಾಸ್ಟಿಕ್ ಹೊದ್ದು, ಕಾಲಿಗೆ ಹತ್ತಿ ರಕ್ತ ಹೀರುವ ಉಂಬುಳಗಳನ್ನು ಬೀಡಿಯಿಂದ ಸುಟ್ಟು ಬೀಳಿಸಿ, ಮಳೆಯಲ್ಲೇ ಕಟ್ಟಿದೆವು. ಒಂದೊಂದು ಕಲ್ಲನ್ನೂ ತಿರುಗಿಸಿ ನೋಡಿ ಕೂರಿಸಿದ್ದೆ. ದೀಪಾವಳಿಗೆ ಮೊದಲೇ ಮುಗಿಯಿತು. ಮೊದಲ ಗೂಡ್ಸ್ ಗಾಡಿ ಹೋಗುವಾಗ ಗೋಡೆಗೆ ಅಂಗೈ ಒತ್ತಿ ನಿಂತಿದ್ದೆ. ನೆಲ ನಡುಗಿತು, ಕಲ್ಲು ಅಲುಗಲಿಲ್ಲ.

ಊರಿಗೆ ಬಂದು ತಿಂಗಳಾಗಿರಲಿಲ್ಲ, ಗುತ್ತಿಗೆದಾರರು ನನ್ನನ್ನೂ ಭಾವನನ್ನೂ ಉಡುಪಿಯ ಬಸ್‌ ನಿಲ್ದಾಣದ ಹತ್ತಿರ ಮಹಡಿಯಲ್ಲಿದ್ದ ತಮ್ಮ ಕಚೇರಿಗೆ ಕರೆಸಿದರು. ಸೋಡಾ ತರಿಸಿ ಕೊಟ್ಟು ವಿಷಯ ಹೇಳಿದರು. ಪ್ರಕೃತಿ ವಿಕೋಪಕ್ಕೆಂದು ಸರಕಾರ ಕೊಡುವ ಅನುದಾನದಿಂದ ಈ ಕೆಲಸದ ಹಣ ಬರಬೇಕು. ಅದಕ್ಕೆ ಮೇಲಿನಿಂದ ಒಂದು ತಂಡ ಬಂದು ಹಾನಿಯನ್ನು ಕಣ್ಣಾರೆ ನೋಡಬೇಕು. ಮಳೆಯಲ್ಲಿ ಬರಬೇಕಾದವರು ಬಿಸಿಲು ಬಂದ ಮೇಲೆ, ಈಗ ಹೊರಟಿದ್ದಾರೆ.

"ಒಂದು ಬದಿಯ ಅರ್ಧ ಗೋಡೆ ಬಿಚ್ಚಿ ಇಡಿ ಮೇಸ್ತ್ರಿ. ಅವರು ನೋಡಿ ಹೋದ ಮೇಲೆ ವಾಪಸು ಕಟ್ಟಿದರಾಯ್ತು."

ಗುಡ್ಡ ಜರಿದಾಗಿನ ಫೋಟೋ ಉಂಟಲ್ಲ ಎಂದು ಕೇಳಿದೆ.

"ಫೋಟೋ ಯಾರು ನೋಡ್ತಾರೆ ಮಾರಾಯ? ಅವರು ಬರುವುದೇ ಹಾಳಾದದ್ದನ್ನು ನೋಡಲಿಕ್ಕೆ. ಎಲ್ಲ ಸರಿ ಉಂಟು ಅಂತಾದರೆ ಹಣ ಎಂತಕ್ಕೆ ಅಂತ ಕೇಳ್ತಾರೆ."

ಅವರು ಸುಳ್ಳು ಹೇಳುತ್ತಿರಲಿಲ್ಲ, ನನ್ನ ಹೊಟ್ಟೆ ಉರಿದದ್ದೇ ಅದಕ್ಕೆ. ಮಣ್ಣನ್ನು ಬಿದ್ದಲ್ಲೇ ಬಿಟ್ಟು, ಬೀಡಿ ಎಳೆಯುತ್ತಾ ಕುಳಿತವನಿಗೆ ಅನುದಾನ. ಮಳೆಯಲ್ಲಿ ನೆನೆದು ಬೇಗ ಮುಗಿಸಿ ಕೊಟ್ಟವನು ತನ್ನ ಕೆಲಸವನ್ನು ತಾನೇ ಹಾಳು ಮಾಡಿ ತೋರಿಸಬೇಕು. ಇಂಥ ನಿಯಮವನ್ನು ಬರೆದವನ ಕೈಯಲ್ಲಿ ಒಂದು ದಿನ ಒಂದು ಕಲ್ಲು ಎತ್ತಿಸಬೇಕಿತ್ತು. ಮತ್ತೆ, ಬಿಚ್ಚಿಟ್ಟಾಗ ಗುಡ್ಡ ಜರಿದರೆ? ಕೆಳಗೆ ಹೋಗುವ ರೈಲಿನಲ್ಲಿ ಜನ ಇರುವುದಿಲ್ಲವೇ ಎಂದು ಕೇಳಿದೆ. ಮಳೆ ಹೋಯಿತಲ್ಲ, ಹೆದರಬೇಡ ಎಂದರು. ನಾನು ಸೋಡಾವನ್ನು ಅಲ್ಲೇ ಬಿಟ್ಟು ಎದ್ದೆ.

ಭಾವ ಮೆಟ್ಟಿಲಿಳಿದು ನನ್ನ ಹಿಂದೆಯೇ ಬಸ್ಸಿನ ತನಕ ಬಂದ. ಅವನಿಗೆ ಇದರಲ್ಲಿ ತಪ್ಪೇ ಕಾಣಲಿಲ್ಲ.

"ಕಟ್ಟಿದ್ದಕ್ಕೆ ಕೂಲಿ, ಕೆಡವಿದ್ದಕ್ಕೆ ಕೂಲಿ, ವಾಪಸು ಕಟ್ಟಿದರೆ ಮತ್ತೂ ಕೂಲಿ. ನಮಗೆಂತ ನಷ್ಟ ಭಾವ? ಆ ಗೋಡೆ ನಿಮ್ಮ ಮನೆಯದ್ದಾ?"

"ಕಟ್ಟಿದ್ದು ನಾನು."

"ಹಾಗಾದರೆ ಹೊತ್ತುಕೊಂಡು ಬನ್ನಿ. ಇನ್ನಂಜೆಯ ಗದ್ದೆ ಬದಿಗೆ ಇಡುವ."

ಬಸ್ಸಿಗೆ ಕಾಯುತ್ತಿದ್ದ ಯಾರೋ ನಕ್ಕರು. ನಾನು ಒಬ್ಬನೇ ಬಸ್ಸು ಹತ್ತಿದೆ.

ನಾನಿಲ್ಲದೆ ಕೆಲಸ ನಿಲ್ಲುತ್ತದೆ ಎಂದುಕೊಂಡಿದ್ದೆ. ನಿಲ್ಲಲಿಲ್ಲ. ಭಾವನೇ ಮೇಸ್ತ್ರಿಯಾಗಿ ಅದೇ ಆಳುಗಳನ್ನು ಕರೆದುಕೊಂಡು ಹೋದ. ಪಿಕ್ಕಾಸು ಹಾಕಿ ಬಿಚ್ಚಿದರು. ತಂಡ ಬಂದು ನೋಡಿತು, ಹಣವೂ ಮಂಜೂರಾಯಿತು. ಮತ್ತೆ ಕಟ್ಟಿದರು. ಒಂದು ಮಧ್ಯಾಹ್ನ ಭಾವ ಸ್ವೀಟ್ ಬಾಕ್ಸ್ ಹಿಡಿದು ಅಕ್ಕನನ್ನು ನೋಡಲು ಬಂದ. ಕೆಳಗಿನ ಸಾಲಿನ ಕಲ್ಲು ಎಬ್ಬಿಸಲಿಕ್ಕೆ ಆಳುಗಳೆಲ್ಲ ಬೆವರಿಳಿಸಿದರು ಎಂದು ನಕ್ಕು ಹೇಳಿದ. ನನ್ನನ್ನು ಹೊಗಳಿದ್ದೇ ಇರಬೇಕು. ನಾನು ಎದ್ದು ಹೊರಗೆ ಹೋದೆ. ಆಮೇಲೆ ಅವನೊಡನೆ ಮಾತಾಡಲಿಲ್ಲ.

ಗುತ್ತಿಗೆದಾರರು ನನ್ನನ್ನು ಮತ್ತೆ ಕರೆಯಲಿಲ್ಲ. ಅಹಂಕಾರದಿಂದ ಹೊಟ್ಟೆ ತುಂಬುವುದಿಲ್ಲ ಎಂದು ಹೆಂಡತಿ ಬೈದಳು. ಅವಳು ಬೈದದ್ದರಲ್ಲಿ ತಪ್ಪಿಲ್ಲ, ಆ ಬೇಸಿಗೆಯಿಡೀ ನನಗೆ ಸರಿಯಾದ ಕೆಲಸವಿರಲಿಲ್ಲ. ಆಮೇಲೆ ಮಣಿಪಾಲದ ಗುಡ್ಡ ತಗ್ಗಿಸಿ ಮನೆ ಕಟ್ಟಿಸುವವರು ಪಂಚಾಂಗಕ್ಕೆ, ಅಂದರೆ ಅಡಿಪಾಯಕ್ಕೆ, ಕಲ್ಲು ಕೂರಿಸಲು ಕರೆದರು. ಅಲ್ಲಿಂದ ಅಲೆವೂರು, ಪರ್ಕಳ. ಯಾರ ಕೈಕೆಳಗೂ ಇಲ್ಲದೆ, ಸ್ವಂತ ಮಾತಿನ ಮೇಲೆ ಕೆಲಸ ಹಿಡಿದೆ.

ಘಟ್ಟದ ಗೋಡೆ ಈಗಲೂ ನಿಂತಿದೆಯಂತೆ. ಮತ್ತೆ ನಷ್ಟ ಯಾರಿಗಾಯಿತು ಎಂದು ಕೇಳುವವರಿದ್ದಾರೆ. ಅವರಿಗೆ ಉತ್ತರ ಹೇಳಲು ಹೋದರೆ ನನ್ನ ಸ್ವರ ಏರುತ್ತದೆ. ಗಟ್ಟಿ ಇದ್ದದ್ದನ್ನು ಕೆಡವಿಸಿ, ಹಾಳಾಗಿದೆ ಎಂದು ಬರೆದುಕೊಂಡು, ಅದಕ್ಕೆ ಜನರ ತೆರಿಗೆಯ ಹಣ ಕೊಟ್ಟರು. ಅದರಲ್ಲಿ ತಪ್ಪು ಕಾಣದವನಿಗೆ ನಾನು ಎಂತ ಹೇಳುವುದು? ನಿಂತಿರಲಿ. ಈಗ ಇರುವ ಗೋಡೆ ನನ್ನದಲ್ಲ.

ಈಗ ನನಗೆ ಪರ್ಕಳದಲ್ಲಿ ಹತ್ತು ಸೆಂಟ್ಸ್ ಜಾಗ ಇದೆ. ಅದರಲ್ಲಿ ಕೆಂಪುಕಲ್ಲಿನ ಒಂದು ಮನೆ, ಒಂದು ಬಾವಿ. ಶಾಲೆಗೆ ಹೋಗುವ ಇಬ್ಬರು ಹೆಣ್ಣುಮಕ್ಕಳು. ಖಾಯಂ ಆಳುಗಳು ಮೂವರು. ಒಂದು ಸೈಕಲ್ಲು.