ಎಡರೆಕ್ಕೆಯ ಲೋಟ

ಬೆಳಗ್ಗೆ ಏಳಕ್ಕೆ ಇನ್ನೂ ಹತ್ತು ನಿಮಿಷ. ತನಿಖೆಯ ಕಾಗದದಲ್ಲಿ ಏಳು ಗಂಟೆ ಹನ್ನೆರಡು ನಿಮಿಷ ಎಂದಿದೆ. ಅವ್ವನ ರೇಡಿಯೊ ಪುಸ್ತಕದಲ್ಲೂ ಪೆನ್ಸಿಲಿನಲ್ಲಿ ಅದೇ ಇದೆ. ಅದು ವಿಮಾನದ ಎಂಜಿನ್ ನಿಂತ ಹೊತ್ತು. ಕೆಡಲು ಶುರುವಾದದ್ದು ಅದಕ್ಕೆ ಇಪ್ಪತ್ತೆರಡು ನಿಮಿಷ ಮೊದಲು, ಹ್ಯಾಂಗರಿನ ಗೋಡೆ ಗಡಿಯಾರದ ಎದುರು ನಾನು ಸ್ಟೂಲಿನ ಮೇಲೆ ನಿಂತಿದ್ದಾಗ. ಆ ಹೊತ್ತನ್ನು ಯಾರೂ ಬರೆದುಕೊಳ್ಳಲಿಲ್ಲ. ಹೋದ ತಿಂಗಳು ಅವ್ವನನ್ನು ಆಸ್ಟಿನ್ನಿನಿಂದ ಲಾಸ್ ಕೊಲಿನಾಸ್‌ನ ನನ್ನ ಮನೆಗೆ ಕರೆತಂದೆ. ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಅವರ ಟೂಲ್ ಬಾಕ್ಸನ್ನು ಅವ್ವ ಯಾರಿಗೂ ಕೊಟ್ಟಿರಲಿಲ್ಲ. ಅದರ ಕೆಳಗಿನ ಖಾನೆಯಲ್ಲಿ, ಎಣ್ಣೆ ಹೀರಿ ಕಪ್ಪಾದ ಕೆಂಪು ಒರೆಸುಬಟ್ಟೆಯಲ್ಲಿ ಸುತ್ತಿಟ್ಟ ಒಂದು ಪ್ಲಾಸ್ಟಿಕ್ ಲೋಟ ಸಿಕ್ಕಿತು. ಗೇಣುದ್ದ, ಸಪೂರ, ಆಚೆಯದು ಕಾಣುವಷ್ಟು ತಿಳಿ. ಬಟ್ಟೆ ಬಿಚ್ಚುತ್ತಲೇ ಆ ವಾಸನೆ ಬಂತು. ಕಾರಿನ ಪೆಟ್ರೋಲಿನದಲ್ಲ, ವಿಮಾನದ್ದು. ಸ್ವಲ್ಪ ಸಿಹಿ, ಸ್ವಲ್ಪ ತಣ್ಣಗೆ, ಮೂಗಿನ ಮೇಲ್ಭಾಗಕ್ಕೆ ಹೋಗಿ ಕೂರುವಂಥದ್ದು. ನಾನು ಲೋಟ ಹಿಡಿದು ನೆಲದ ಮೇಲೆ ಕೂತುಬಿಟ್ಟೆ. ಅವ್ವ ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋದಳು.

ನಮ್ಮ ಮನೆ ಹೂಸ್ಟನ್ನಿನ ಆಚೆ, ಸೈಪ್ರೆಸ್ ದಾಟಿದ ಮೇಲೆ, ಒಂದು ಹುಲ್ಲಿನ ರನ್‌ವೇಯ ತುದಿಯಲ್ಲಿತ್ತು. ಬೆಟಗೇರಿಯ ಚರ್ಚಿನ ಅಂಗಳದಲ್ಲಿ ಬೆಳೆದ ಅಪ್ಪ, ವಿಮಾನ ರಿಪೇರಿ ಕಲಿತು, ಹಾರಿಸುವುದನ್ನೂ ಕಲಿತು, ದೇವರ ಕೆಲಸಕ್ಕೆ ಅದೇ ತಮ್ಮ ದಾರಿ ಎಂದು ಅವ್ವನನ್ನು ಕಟ್ಟಿಕೊಂಡು ಈ ದೇಶಕ್ಕೆ ಬಂದಿದ್ದರು. ಮಿಷನ್ನಿನವರದು ಒಂದು ಹ್ಯಾಂಗರು, ಮೂರು ಸಣ್ಣ ವಿಮಾನ. ಗಡಿಯ ಹತ್ತಿರದ ಊರುಗಳ ಬಡವರ ಕ್ಲಿನಿಕ್ಕುಗಳಿಗೆ ಡಾಕ್ಟರನ್ನೂ ಔಷಧಿಯನ್ನೂ ಮುಟ್ಟಿಸುವುದು ಅಪ್ಪನ ಕೆಲಸ. ಅವರು ಮೇಲಿದ್ದಷ್ಟು ಹೊತ್ತು ಕಾಯುವುದು ಅವ್ವನ ಕೆಲಸ. ಅಡುಗೆಮನೆಯ ಫ್ರಿಜ್ಜಿನ ಮೇಲೆ ರೇಡಿಯೊ ಇತ್ತು. ನೆಲ ಬಿಟ್ಟ ಕೂಡಲೇ ಅಪ್ಪನ ದನಿ ಬರಬೇಕು, ಆಮೇಲೆ ಅರ್ಧ ಗಂಟೆಗೊಮ್ಮೆ ಎಲ್ಲಿದ್ದೇನೆ ಎಂದು ಹೇಳಬೇಕು, ಅವ್ವ ಬರೆದುಕೊಳ್ಳಬೇಕು. ಎಲ್ಲ ಇಂಗ್ಲಿಷಿನಲ್ಲಿ, ಶಿಸ್ತಾಗಿ. ಕೊನೆಗೆ ಮಾತ್ರ ಅಪ್ಪ ದನಿ ತಗ್ಗಿಸಿ, ಎರಡು ರೊಟ್ಟಿ ಎತ್ತಿಡು ಅನ್ನುತ್ತಿದ್ದರು. ಜೋಳದ ಹಿಟ್ಟು ತಟ್ಟುವ ಸದ್ದು, ರೇಡಿಯೊದ ಕರಕರ, ಇವೆರಡೂ ಸೇರಿದ್ದೇ ನನ್ನ ಬಾಲ್ಯದ ಬೆಳಗು. ಹೇಳಿದ ಹೊತ್ತಿಗೆ ಅಪ್ಪನ ದನಿ ಬಾರದಿದ್ದರೆ ಅವ್ವ ಒಲೆ ಆರಿಸಿಬಿಡುತ್ತಿದ್ದಳು. ದನಿ ಬರುವವರೆಗೆ ಮತ್ತೆ ಹಚ್ಚುತ್ತಿರಲಿಲ್ಲ. ಹೆಂಚಿನ ಮೇಲೆ ಅರ್ಧ ಬೆಂದ ರೊಟ್ಟಿ ಹಾಗೇ ಆರುತ್ತಿತ್ತು. ಯಾಕೆ ಎಂದು ನಾನು ಕೇಳಲಿಲ್ಲ. ಪ್ರತಿ ಮನೆಯಲ್ಲೂ ಹೀಗೇ ಎಂದುಕೊಂಡಿದ್ದೆ.

ಈಗ ಅಲ್ಲಿಗೆ ಹೋದರೆ ಏನೂ ಸಿಗುವುದಿಲ್ಲ. ಒಂದೇ ಅಚ್ಚಿನ ಇಟ್ಟಿಗೆ ಮನೆಗಳ ಸಾಲು, ಹ್ಯಾಂಗರು ಇದ್ದಲ್ಲಿ ಮಕ್ಕಳ ಈಜುಕೊಳ. ಕಳೆದುಹೋದ ಮನೆಯ ಅಡುಗೆಮನೆ ಎಲ್ಲಿತ್ತು ಎಂದು ಖಾಲಿ ಗಾಳಿಯಲ್ಲಿ ಬೆರಳು ಮಾಡಿ ತೋರಿಸಬೇಕಾದ ಪಾಡು ನಿಮಗೂ ಬಂದಿದ್ದರೆ ನನ್ನ ಮಾತು ಅರ್ಥವಾದೀತು. ನನಗೆ ಅಡುಗೆಮನೆಗಿಂತ ಸ್ಪಷ್ಟವಾಗಿ ನೆನಪಿರುವುದು ಆ ಸ್ಟೂಲು.

ಹಾರುವ ಮೊದಲು ಅಪ್ಪ ವಿಮಾನವನ್ನು ತಲೆಯಿಂದ ಬಾಲದವರೆಗೆ ಮುಟ್ಟಿ ನೋಡುತ್ತಿದ್ದರು. ಟ್ಯಾಂಕು ರೆಕ್ಕೆಯೊಳಗೇ ಇರುತ್ತದೆ. ರೆಕ್ಕೆಯ ಅಡಿಯಲ್ಲಿ ಒಂದು ಸಣ್ಣ ವಾಲ್ವು. ಲೋಟದ ತುದಿಯಿಂದ ಅದನ್ನು ಒತ್ತಿದರೆ ನಾಲ್ಕು ಗುಟುಕು ಪೆಟ್ರೋಲು ಇಳಿಯುತ್ತದೆ, ತಿಳಿನೀಲಿ. ಮಳೆನೀರು ಟ್ಯಾಂಕಿಗೆ ಇಳಿದಿದ್ದರೆ ಲೋಟದ ತಳದಲ್ಲಿ ಬಣ್ಣವಿಲ್ಲದ ಮಣಿಯ ಹಾಗೆ ಕೂರುತ್ತದೆ. ಆ ಮಣಿ ಕಾಣದಾಗುವವರೆಗೆ ಮತ್ತೆ ಮತ್ತೆ ಇಳಿಸಬೇಕು. ಇಲ್ಲದಿದ್ದರೆ ಆ ನೀರು ಎಂಜಿನ್ನಿಗೆ ಹೋಗಿ ಅದು ಗಾಳಿಯಲ್ಲೇ ನಿಂತುಬಿಡುತ್ತದೆ. ನನಗೆ ಹತ್ತಾದಾಗ ಅಪ್ಪ ಎಡರೆಕ್ಕೆಯ ಲೋಟವನ್ನು ನನಗೆ ಒಪ್ಪಿಸಿದರು. ಅದು ನಿಯಮಕ್ಕೆ ವಿರುದ್ಧ. ಆದರೆ ಮಗಳನ್ನು ಆ ಸ್ಟೂಲಿನ ಮೇಲೆ ನೋಡುವುದು ಅವರಿಗೆ ಹೆಮ್ಮೆ. ಎಲ್ಲ ಮುಗಿದ ಮೇಲೆ ರೆಕ್ಕೆಯ ಆಧಾರದ ಕಂಬಕ್ಕೆ ಎಲ್ಲರೂ ಕೈಯಿಟ್ಟು ಪ್ರಾರ್ಥನೆ. ಅದು ಮೊದಲಲ್ಲ, ಯಾವಾಗಲೂ ಕೊನೆಗೆ. "ಮೊದ್ಲ ಕೈ ಮಾಡೂ ಕೆಲಸ," ಅನ್ನುತ್ತಿದ್ದರು ಅಪ್ಪ, "ಆಮ್ಯಾಲೆ ಕಣ್ಣು ಮುಚ್ಚೂದು."

ಪ್ರಾರ್ಥನೆಯಲ್ಲಿ ಕಣ್ಣು ಮುಚ್ಚದವರು ಇಬ್ಬರು, ನಾನು ಮತ್ತು ಶ್ರೀಕಂಠ ಅಂಕಲ್. ಅಂಕಲ್ ಮೈಸೂರಿನವರು, ಸರ್ಜನ್, ಫುಲ್‌ಶೀರ್‌ನಲ್ಲಿ ದೊಡ್ಡ ಮನೆ. ತಿಂಗಳಿಗೊಮ್ಮೆ ಅಪ್ಪನ ಜೊತೆ ಗಡಿಯ ಕ್ಲಿನಿಕ್ಕಿಗೆ ಹೋಗಿ ಬಿಟ್ಟಿ ಆಪರೇಷನ್ ಮಾಡಿ ಬರುತ್ತಿದ್ದರು. ಅವರ ಕಾರು ಬರುತ್ತಿದ್ದುದೇ ಪ್ರಾರ್ಥನೆಯ ಹೊತ್ತಿಗೆ; ಸ್ಟೂಲಿನ ಮೇಲೆ ನನ್ನನ್ನು ಅವರು ಕಂಡಿರಲಿಲ್ಲ. ಹಣೆಗೆ ವಿಭೂತಿ, ಕೈ ಮಾತ್ರ ನಮ್ಮ ಕಂಬದ ಮೇಲೆ. ಪೈಲಟ್ ಸಾಹೇಬ್ರೇ, ನನ್ನ ಕಡೆಯವರಿಗೆ ಮನೆಯಲ್ಲೇ ಹೇಳಿ ಬಂದಿದೀನಿ, ನಿಮ್ಮ ಕಡೆಯವರಿಗೆ ನೀವು ಹೇಳಿ ಎಂದು ತಮಾಷೆ ಮಾಡುತ್ತಿದ್ದರು. ನಮ್ಮಪ್ಪ ಬಿದ್ದು ಬಿದ್ದು ನಗುತ್ತಿದ್ದರು. ಅಂಕಲ್ ಮಗಳು ಮೇಘಾ ನನ್ನ ವಯಸ್ಸಿನವಳು. ಅವರ ಮನೆಗೆ ಹೋದಾಗಲೆಲ್ಲ ನನ್ನ ಮೈಮೇಲೆ ಚರ್ಚಿನ ದಾನದ ಡಬ್ಬಿಯಲ್ಲಿ ಬಂದ, ಯಾರೋ ಹಾಕಿ ಬಿಟ್ಟ ಫ್ರಾಕು. ಅದನ್ನು ಸಹಿಸಿಕೊಂಡಿದ್ದೆ. ಒಮ್ಮೆ ಎಲ್ಲ ಹುಡುಗಿಯರ ಎದುರು ಮೇಘಾ ನನ್ನ ಕೈ ಮೂಸಿ, ನೀನು ಗ್ಯಾಸ್ ಸ್ಟೇಷನ್ ಥರ ವಾಸನೆ ಹೊಡೀತೀಯ ಎಂದಳು. ಅದನ್ನು ಸಹಿಸಲಾಗಲಿಲ್ಲ. ಮನೆಗೆ ಬಂದು ಪಾತ್ರೆ ಸೋಪಿನಿಂದ ಕೈ ತಿಕ್ಕಿ ತಿಕ್ಕಿ ತೊಳೆದೆ. ಅಪ್ಪನದೂ ಅದೇ ಪೆಟ್ರೋಲಿನ ವಾಸನೆ ಎಂದು ಆಗ ಮೊದಲ ಸಲ ಹೊಳೆಯಿತು. ಅಂದಿನಿಂದ ಅವರು ತಲೆ ನೇವರಿಸಲು ಬಂದರೆ ಸರಿದುಕೊಳ್ಳತೊಡಗಿದೆ.

ಆ ಶನಿವಾರ ಮೇಘಾಳ ಹುಟ್ಟುಹಬ್ಬ. ಅಂಕಲ್ ಮತ್ತು ಅಪ್ಪ ಮಧ್ಯಾಹ್ನದೊಳಗೆ ಹೋಗಿ ಬರುವುದು, ಮೇಘಾಳ ಅಮ್ಮ ಒಂಬತ್ತಕ್ಕೆ ಬಂದು ನನ್ನನ್ನು ಕರೆದೊಯ್ಯುವುದು ಎಂದಾಗಿತ್ತು. ನನಗೆ ಹನ್ನೆರಡು. ಅವ್ವ ತನ್ನ ಇಳಕಲ್ ಸೀರೆಯ ಸೆರಗಿನಿಂದ ಹೊಲಿದುಕೊಟ್ಟ ಹೊಸ ಲಂಗ ಬೆಳಗ್ಗೆಯೇ ಹಾಕಿಕೊಂಡಿದ್ದೆ. ಹಿಂದಿನ ದಿನವೆಲ್ಲ ಮಳೆ ಹೊಡೆದಿತ್ತು. ವಿಮಾನ ಹೊರಗೇ ನೆನೆದು ನಿಂತಿತ್ತು; ಎಡರೆಕ್ಕೆಯ ಟ್ಯಾಂಕಿನ ಮುಚ್ಚಳದ ರಬ್ಬರು ಸವೆದಿದೆ, ಇವತ್ತು ಚೆನ್ನಾಗಿ ನೋಡು ಎಂದು ಅಪ್ಪ ಎರಡು ಸಲ ಹೇಳಿದರು. ಸ್ಟೂಲು ಹತ್ತಿದೆ. ಲೋಟ ಎತ್ತಿದೆ. ಪೆಟ್ರೋಲು ಮುಂಗೈಗೆ ಇಳಿಯುತ್ತದೆ, ಲಂಗಕ್ಕೆ ತಾಗುತ್ತದೆ, ಮೇಘಾ ಮತ್ತೆ ಮೂಗು ಮುಚ್ಚುತ್ತಾಳೆ. ಇಷ್ಟೇ ಯೋಚಿಸಿದ್ದು. ತೆರೆದ ಬಾಗಿಲಿನೊಳಗೆ ಹ್ಯಾಂಗರಿನ ಗಡಿಯಾರ ನೋಡಿದೆ, ಏಳಕ್ಕೆ ಹತ್ತು ನಿಮಿಷ ಇತ್ತು. ಬಲರೆಕ್ಕೆಯ ಕಡೆಯಿಂದ ಅಪ್ಪನ ದನಿ ಬಂತು.

"ಎಡಗಡೆ ಹೆಂಗೈತಿ, ಕೂಸ?"

"ಕ್ಲೀನ್, ಅಪ್ಪಾ."

ಒಣ ಲೋಟವನ್ನು ಹ್ಯಾಂಗರಿನ ಮೊಳೆಗೆ ನೇತು ಹಾಕಿ ಬಂದೆ. ಎಲ್ಲರೂ ಕಂಬಕ್ಕೆ ಕೈಯಿಟ್ಟೆವು. ಅಪ್ಪ ಅಂದು ಮಳೆ ನಿಲ್ಲಿಸಿದ್ದಕ್ಕೆ ದೇವರಿಗೆ ವಂದನೆ ಹೇಳಿದರು. ಆಮೇಲೆ ಹೇಳಿದ ಒಂದು ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ: "ಕರ್ತನೇ, ಈ ಕೂಸಿನ ಕೈಗೋಸ್ಕರ ನಿನಗ ಸ್ತೋತ್ರ." ಅಂಕಲ್ ಕಣ್ಣು ತೆರೆದೇ ಇದ್ದರು, ನನ್ನತ್ತ ಕಣ್ಣು ಮಿಟುಕಿಸಿದರು. ಆಗಲಾದರೂ ಹೇಳಬಹುದಿತ್ತು. ಸಾಮಾನು ತುಂಬುವಾಗ ಹೇಳಬಹುದಿತ್ತು. ಎಂಜಿನ್ ಬಿಸಿಯಾಗುವಾಗ ಕೈ ಬೀಸಿ ನಿಲ್ಲಿಸಬಹುದಿತ್ತು. ಇಪ್ಪತ್ತೆರಡು ನಿಮಿಷ ಬಹಳ ದೀರ್ಘ. ಅದರ ಒಂದೊಂದು ನಿಮಿಷದಲ್ಲೂ ನಾನು ಎಲ್ಲಿ ನಿಂತಿದ್ದೆ ಎಂದು ಈಗಲೂ ಹೇಳಬಲ್ಲೆ.

ವಿಮಾನ ಹುಲ್ಲು ಬಿಟ್ಟು ಎದ್ದಿತು, ರಸ್ತೆ ದಾಟಿತು. ಎಂಜಿನ್ ಒಮ್ಮೆ ಕೆಮ್ಮಿತು, ಮತ್ತೊಮ್ಮೆ ಕೆಮ್ಮಿ ನಿಂತುಹೋಯಿತು. ಸದ್ದು ನಿಂತಾಗಿನ ಆ ಮೌನದಲ್ಲಿ ನಮ್ಮ ಅಡುಗೆಮನೆಯ ಕಿಟಕಿಯಿಂದ ರೊಟ್ಟಿ ತಟ್ಟುವುದು ಕೇಳಿಸುತ್ತಿತ್ತು. ಆಮೇಲೆ ಅದೂ ನಿಂತಿತು. ವಿಮಾನ ತಿರುಗಲಿಲ್ಲ, ತಿರುಗಿದರೆ ಬೀಳುತ್ತದೆ ಎಂದು ಅಪ್ಪ ನನಗೆ ಕಲಿಸಿದ್ದರು. ನೇರ ಮುಂದಿನ ಭತ್ತದ ಗದ್ದೆಗೆ ಇಳಿಯಿತು, ಬದುವಿಗೆ ಚಕ್ರ ಸಿಕ್ಕಿ ಮೂತಿ ನೆಲಕ್ಕೆ ಹೊಡೆಯಿತು. ಲಂಗ ಎತ್ತಿ ಹಿಡಿದು ಕೆಸರಿನಲ್ಲಿ ಓಡಿದೆ. ಅಪ್ಪನ ಹಣೆ ಒಡೆದು ರಕ್ತ ಇಳಿಯುತ್ತಿತ್ತು. ಅಂಕಲ್ ಬದುವಿನ ಮೇಲೆ ಕೂತು ತಮ್ಮ ಬಲಗೈಯನ್ನು ಎಡಗೈಯಲ್ಲಿ ಹಿಡಿದು, ಬೇರೆ ಯಾರದೋ ಕೈಯನ್ನು ಪರೀಕ್ಷೆ ಮಾಡುವವರ ಹಾಗೆ, ಶಾಂತವಾಗಿ ನೋಡುತ್ತಿದ್ದರು. ಬೀಳುವಾಗ ಮುಂದಕ್ಕೆ ಚಾಚಿದ ಕೈ. ಮಣಿಕಟ್ಟು ಪುಡಿಯಾಗಿತ್ತು. ಇಬ್ಬರೂ ಬದುಕಿದರು. ಆದರೆ ಆ ಕೈ ಮತ್ತೆ ಆಪರೇಷನ್ನಿನ ಕತ್ತರಿ ಹಿಡಿಯಲಿಲ್ಲ.

ತನಿಖೆಗೆ ಬಂದ ಇಬ್ಬರು ನಮ್ಮ ಅಡುಗೆಮನೆಯಲ್ಲೇ ಕೂತರು. ಅವ್ವ ಚಹಾ ಕೊಟ್ಟಳು. ಎಡರೆಕ್ಕೆ ನಾನು ನೋಡಲಿಲ್ಲ, ಮರೆತೆ ಎಂದರು ಅಪ್ಪ. ನಿಮ್ಮ ಬದಲು ಬೇರೆ ಯಾರಾದರೂ ನೋಡುತ್ತಿದ್ದರೇ ಎಂದು ಬಂದವರು ಕೇಳಿದರು. ನಾನು ಫ್ರಿಜ್ಜಿಗೆ ಒರಗಿ ನಿಂತಿದ್ದೆ. ಸುಳ್ಳು ಹೇಳುವ ನಾಲಿಗೆಯ ಬಗ್ಗೆ ಭಾನುವಾರದ ಶಾಲೆಯಲ್ಲಿ ನಮಗೆ ಪಾಠ ಮಾಡುತ್ತಿದ್ದ ಅಪ್ಪ, ನನ್ನ ಕಡೆ ನೋಡದೆ, ಇಲ್ಲ ಎಂದರು.

ಮಿಷನ್ನಿನವರು ಕಟುವಾಗಿ ಏನೂ ಅನ್ನಲಿಲ್ಲ. ಅಪ್ಪನ ಕೈಗೆ ವಿಮಾನ ಕೊಡಲಿಲ್ಲ, ಅಷ್ಟೇ. ಆಸ್ಟಿನ್ನಿಗೆ ಶಿಫ್ಟ್ ಆದೆವು. ಅಪ್ಪ ಶಾಲಾ ಬಸ್ಸು ರಿಪೇರಿಯ ಶೆಡ್ಡಿಗೆ ಸೇರಿದರು, ಅವ್ವ ಒಂದು ಶಾಲೆಯ ಅಡುಗೆಮನೆಗೆ. ಅಲ್ಲಿ ದಿನಾ ಬೆಳಗ್ಗೆ ನಾನು ಏಳುವಾಗ ಸಿಂಕಿನಲ್ಲಿ ಎರಡು ಚಹಾ ಕಪ್ಪು ಇರುತ್ತಿದ್ದವು, ತಳದಲ್ಲಿ ಒಣಗಿದ ಪುಡಿ. ಮಲಗುವಾಗ ಸಿಂಕು ಖಾಲಿ ಇರುತ್ತಿದ್ದುದರಿಂದ, ನಡುರಾತ್ರಿ ಅಪ್ಪ ಅವ್ವ ಇಬ್ಬರೂ ಎದ್ದು ಕೂತಿದ್ದರು ಎಂದು ಗೊತ್ತಾಗುತ್ತಿತ್ತು. ಆ ಕಪ್ಪುಗಳನ್ನು ತೊಳೆದಿಡುತ್ತಿದ್ದವಳು ನಾನೇ. ಎಂಟು ವರ್ಷ ತೊಳೆದೆ, ಬಾಯಿ ಬಿಡಲಿಲ್ಲ.

ನಾನು ಕಾಲೇಜು ಸೇರಿದ ಮೇಲೆ, ಊರಿಂದ ಓದಲು ಬಂದ ಹುಡುಗರನ್ನು ಅವ್ವ ಭಾನುವಾರದ ಊಟಕ್ಕೆ ಕರೆಯುತ್ತಿದ್ದಳು. ಒಂದು ಭಾನುವಾರ ದಾವಣಗೆರೆಯ ಹುಡುಗನೊಬ್ಬ, ನಮ್ಮ ಹಿಂದಿನ ಕಥೆ ಏನೂ ಗೊತ್ತಿಲ್ಲದವನು, ಹೂಸ್ಟನ್ನಿನ ಯಾರದೋ ಮನೆಯಲ್ಲಿ ಕೇಳಿದ ತಮಾಷೆಯನ್ನು ಅಪ್ಪನಿಗೇ ಹೇಳಿದ. "ಅಂಕಲ್, ಅಲ್ಲೊಬ್ರು ಪಾದ್ರಿ ಪೈಲಟ್ ಇದ್ರಂತೆ. ಯೇಸಪ್ಪ ನೋಡ್ಕೋತಾನೆ ಅಂತ ಪೆಟ್ರೋಲೇ ನೋಡದೆ ಹಾರಿಬಿಟ್ರಂತೆ." ಎಲ್ಲರೂ ನಕ್ಕರು. ಅಪ್ಪನೂ ನಕ್ಕು, ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು. ಮೊದಲು ಕೈ ಕೆಲಸ, ಆಮೇಲೆ ಕಣ್ಣು ಮುಚ್ಚುವುದು ಎಂದು ಬದುಕಿದ ಮನುಷ್ಯ. ನಾನು ತಟ್ಟೆ ಎತ್ತಿಕೊಂಡು ಸಿಂಕಿಗೆ ಹೋದೆ.

ಮುಂದಿನ ಶನಿವಾರ ಯಾರಿಗೂ ಹೇಳದೆ ಫುಲ್‌ಶೀರ್‌ಗೆ ಡ್ರೈವ್ ಮಾಡಿದೆ. ಅಂಕಲ್ ಒಬ್ಬರೇ ಇದ್ದರು, ಎಡಗೈಯಲ್ಲಿ ಪೇಪರ್ ಮಡಚುತ್ತಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ: ಲಂಗ, ಲೋಟ, ಕ್ಲೀನ್ ಎಂದದ್ದು. ಮೇಘಾಳ ಮಾತನ್ನು ಮಾತ್ರ ಹೇಳಲಿಲ್ಲ. ಅದನ್ನು ಹೇಳಿದರೆ ಅರ್ಧ ತಪ್ಪು ಅವಳ ಪಾಲಿಗೆ ದಾಟಿಸಿದಂತಾಗುತ್ತಿತ್ತು. ಅಂಕಲ್ ಪೇಪರ್ ಪಕ್ಕಕ್ಕಿಟ್ಟರು. ಬುಟ್ಟಿಯಿಂದ ಒಂದು ಕಿತ್ತಳೆ ತೆಗೆದು ನನ್ನ ಮುಂದೆ ಇಟ್ಟರು.

"ಸುಲಿದು ಕೊಡಮ್ಮ. ಇದು ನನ್ನ ಕೈಲಿ ಆಗಲ್ಲ."

ಸುಲಿದೆ. ಉಗುರು ತೊಳೆಗೆ ತಾಗಿ ರಸ ಮೇಜಿಗೆಲ್ಲ ಆಯಿತು.

"ಎಂಟು ವರ್ಷ ನಿಮ್ಮಪ್ಪನ್ನ ಮನಸ್ಸಲ್ಲೇ ಬೈದಿದೀನಿ," ಎಂದರು. "ನಾಲ್ಕು ಜನ ಸೇರಿದ ಕಡೆ ಜೋಕೂ ಮಾಡಿದೀನಿ. ಅದನ್ನೆಲ್ಲ ವಾಪಸ್ ತಗೋಬೇಕು. ನಿನ್ನ ವಿಷಯ ಆಮೇಲೆ ನೋಡೋಣ, ಅದಕ್ಕೆ ನಂಗೆ ಟೈಮ್ ಬೇಕು. ಈಗ ಅವರ ನಂಬರ್ ಒತ್ತು."

ಒತ್ತಿ ಕೊಟ್ಟೆ. ಪೈಲಟ್ ಸಾಹೇಬ್ರೇ ಎಂದದ್ದೊಂದು ಕೇಳಿಸಿತು. ಫೋನು ಹಿಡಿದು ಅವರು ತೋಟಕ್ಕೆ ಇಳಿದುಬಿಟ್ಟರು. ಗಾಜಿನ ಬಾಗಿಲಿನಾಚೆ, ಬಗ್ಗದ ಆ ಬಲಗೈಯನ್ನು ಆಡಿಸುತ್ತ ಅವರು ಮಾತಾಡುವುದನ್ನೂ, ಕೊನೆಗೆ ಮಾತು ನಿಲ್ಲಿಸಿ ಕಿವಿಗೆ ಫೋನು ಒತ್ತಿಕೊಂಡು ಸುಮ್ಮನೆ ನಿಂತದ್ದನ್ನೂ ನೋಡಿದೆ. ಆಚೆ ತುದಿಯಲ್ಲಿ ಅಪ್ಪ ಅಳುತ್ತಿದ್ದರೆಂದು ಅವ್ವ ಆಮೇಲೆ ಹೇಳಿದಳು.

ಸಂಜೆ ಆಸ್ಟಿನ್ನಿಗೆ ಮರಳಿದಾಗ ಅಪ್ಪ ಬಾಗಿಲಲ್ಲೇ ಕಾಯುತ್ತಿದ್ದರು. ಅವರ ಕಾಲು ಹಿಡಿಯಲು ಬಗ್ಗಿದೆ, ಬಿಡಲಿಲ್ಲ. "ಲೋಟ ಒಣಗಿತ್ತು, ಕೂಸ. ಅವತ್ತ ನೋಡೀನಿ," ಎಂದರು. ಆಸ್ಪತ್ರೆಯಿಂದ ಬಂದವರೇ ಹ್ಯಾಂಗರಿಗೆ ಹೋಗಿ ಅದನ್ನು ಮೊಳೆಯಿಂದ ತೆಗೆದಿಟ್ಟಿದ್ದರಂತೆ. "ಹನ್ನೆರಡು ವರ್ಷದ ಕೂಸಿನ ಕೈಯಾಗ ಎರಡು ಜೀವ ಇಟ್ಟಾಂವ ನಾನು. ತಪ್ಪು ನಂದು ಅಂದದ್ದು ಸುಳ್ಳಲ್ಲ. ಬ್ಯಾರೆ ಯಾರೂ ಇರಲಿಲ್ಲ ಅಂದೆನಲ್ಲ, ಅದು ಸುಳ್ಳು. ತನಿಖೆಗೆ ಬಂದ ಆ ಮನಷ್ಯಾನ ಮಾರಿ ನೋಡಿ ಅಂದೆ." ಅವ್ವನಿಗೂ ಮೊದಲಿನಿಂದಲೇ ಗೊತ್ತಿತ್ತು. ಎಂಟು ವರ್ಷ ಮೂವರೂ ಒಂದೇ ಸುದ್ದಿಯನ್ನು ಬೇರೆ ಬೇರೆ ಬಚ್ಚಿಟ್ಟುಕೊಂಡು ಒಂದೇ ಮೇಜಿನಲ್ಲಿ ಉಂಡಿದ್ದೆವು. ಅಪ್ಪ ನನ್ನ ತಲೆಯ ಮೇಲೆ ಕೈಯಿಟ್ಟರು. ಡೀಸೆಲಿನ ವಾಸನೆ. ನಾನು ಸರಿಯಲಿಲ್ಲ. ಆದರೆ ಹಿಂದೆ ಸರಿದ ಸಲಗಳನ್ನೆಲ್ಲ ಅವರೂ ನೆನಪಿಟ್ಟಿದ್ದಾರೆಂದು ಆ ಕೈಯ ಹಿಂಜರಿಕೆಯಲ್ಲೇ ತಿಳಿಯಿತು.

ಮಾರನೆಯ ದಿನ ಭಾನುವಾರ. ನಡುಮನೆಯ ಸೋಫಾದಲ್ಲಿ ಎಚ್ಚರವಾದಾಗ ಬಿಸಿಲು ಆಗಲೇ ಕಿಟಕಿಯಿಂದ ನೆಲಕ್ಕೆ ಇಳಿದಿತ್ತು. ಅಭ್ಯಾಸಬಲದಿಂದ ಕಪ್ಪು ತೊಳೆಯಲು ಅಡುಗೆಮನೆಗೆ ಹೋದೆ. ಸಿಂಕು ಒಣಗಿತ್ತು. ಎರಡೂ ಕಪ್ಪುಗಳು ನಾನು ಹಿಂದಿನ ದಿನ ಮಗುಚಿಟ್ಟಲ್ಲೇ, ಬಟ್ಟೆಯ ಮೇಲೆ ಬೋರಲಾಗಿದ್ದವು. ಅಲ್ಲೇ ನಿಂತೆ. ಇಷ್ಟು ಸಣ್ಣದೊಂದು ಮಾತಿಗಾಗಿ ಇವರಿಬ್ಬರನ್ನು ಇಷ್ಟು ವರ್ಷ ಎಚ್ಚರವಾಗಿರಿಸಿದ್ದೆನಲ್ಲ ಎಂಬ ನಾಚಿಕೆಗೆ ಮುಖ ಎತ್ತಲಾಗಲಿಲ್ಲ. ಎಂಟಕ್ಕೆ ಐದು ನಿಮಿಷವಿದ್ದಾಗ ಅವ್ವ ಬಿಚ್ಚಿದ ಕೂದಲಲ್ಲೇ, ಕೆನ್ನೆಯ ಮೇಲೆ ದಿಂಬಿನ ಗೆರೆ ಹೊತ್ತು, ಗಾಬರಿಯಾಗಿ ಬಂದಳು. ಚರ್ಚಿಗೆ ಹೊತ್ತಾಯಿತು, ಎಬ್ಬಿಸಬಾರದಿತ್ತೇ ಎಂದಳು. ಒಳಗಿನಿಂದ ಅಪ್ಪನ ಗೊರಕೆ ಕೇಳಿಬರುತ್ತಿತ್ತು. ಅವ್ವ ಬೆಂಕಿಪೊಟ್ಟಣ ಹಿಡಿದು ಒಂದು ಗಳಿಗೆ ಆ ಸದ್ದಿಗೆ ಕಿವಿಗೊಟ್ಟಳು. ಆಮೇಲೆ ಒಲೆ ಹಚ್ಚಿದಳು.