ಹಸಿವು ಕೊಲ್ಲುವ ಗುಳಿಗೆ

ಇಂಡಿಯಿಂದ ಮದುವೆಯಾಗಿ ಸಿಂದಗಿಯ ಮನೆಗೆ ಬಂದಾಗ ಅಲ್ಲಿ ನನಗೆ ಮೊದಲು ಹಿಡಿಸಿದವಳು ನನ್ನ ಹಿರಿಯ ನೆಗೆಣ್ಣಿ, ಅಂದರೆ ಗಂಡನ ಅಣ್ಣನ ಹೆಂಡತಿ. ಅಕ್ಕಾ ಎಂದೇ ಕರೆಯುತ್ತಿದ್ದೆ. ಮುದ್ದೇಬಿಹಾಳದವಳು, ಮೈಕೈ ತುಂಬಿಕೊಂಡ ಹೆಂಗಸು. ರೊಟ್ಟಿ ಬಡಿಯಲು ಕೂತರೆ ಅವಳ ನಗೆ ಅಂಗಳದವರೆಗೂ ಕೇಳುತ್ತಿತ್ತು. ಅದು ಎಪ್ಪತ್ತರ ದಶಕದ ನಡುಭಾಗ. ಮದುವೆಯಾಗಿ ವರ್ಷಗಳಾದರೂ ಅವಳಿಗೆ ಮಕ್ಕಳಿರಲಿಲ್ಲ. ಮೈ ಇಳಿಸಿದರೆ ಬಸಿರು ನಿಲ್ಲುತ್ತದೆ ಎಂದು ಯಾರೋ ಹೇಳಿದ್ದನ್ನು ಅತ್ತೆ ಹಿಡಿದುಕೊಂಡರು. ಅಕ್ಕನ ಅಣ್ಣ ಅವಳನ್ನು ಸೊಲ್ಲಾಪುರದ ಖಾಸಗಿ ಡಾಕ್ಟರೊಬ್ಬರ ಹತ್ತಿರ ಕರೆದುಕೊಂಡು ಹೋದರು.

ತಿರುಗಿ ಬಂದಾಗ ಅವಳ ಕೈಯಲ್ಲಿ ಒಂದು ಕಾಗದದ ಪೊಟ್ಟಣ, ಅದರಲ್ಲಿ ಬಿಡಿ ಗುಳಿಗೆಗಳು.

"ಏನ್ ಗುಳಗಿ ಇವು, ಅಕ್ಕಾ?"

"ಹಸಿವಿ ಕೊಲ್ಲೂವಂಥಾವು."

"ಹೆಸರೇನು?"

"ಹೆಸರು ತಗೊಂಡು ಏನ್ ಮಾಡ್ತಿ? ಡಾಕ್ಟರು ಕೊಟ್ಟಾರ."

ನನಗೆ ಅದು ಸರಿಬರಲಿಲ್ಲ. ಕೇಳಿದರೆ ಕಿರಾಣಿ ಅಂಗಡಿಯವನೂ ಬೆಲ್ಲ ಎಲ್ಲಿಯದೆಂದು ಹೇಳುತ್ತಾನೆ.

ಗುಳಿಗೆ ಕೆಲಸ ಮಾಡಿತು, ಇಲ್ಲವೆನ್ನಲಾರೆ. ಅಕ್ಕ ಅರ್ಧ ರೊಟ್ಟಿ ಮುರಿದು ತಾಟಿನ ಮುಂದಿನಿಂದ ಎದ್ದುಬಿಡುತ್ತಿದ್ದಳು. ಅವಳ ಕುಪ್ಪಸಗಳನ್ನು ನಾನೇ ಮತ್ತೆ ಮತ್ತೆ ಹೊಲಿದು ಚಿಕ್ಕದು ಮಾಡಿಕೊಟ್ಟೆ. ನೆರೆಮನೆಯ ಹೆಂಗಸರು ತಮಗೂ ತರಿಸಿಕೊಡು ಎಂದರು. ಆದರೆ ಅವಳಿಗೆ ನಿದ್ದೆ ಹತ್ತುತ್ತಿರಲಿಲ್ಲ. ನಾವು ಏಳುವಷ್ಟರಲ್ಲಿ, ತಿಕ್ಕಿದ ಹಿತ್ತಾಳೆ ಪಾತ್ರೆಗಳನ್ನೇ ಮತ್ತೆ ತಿಕ್ಕಿ ಬೋರಲು ಹಾಕಿರುತ್ತಿದ್ದಳು. ಬಾಯಿ ಒಣಗುತ್ತಿತ್ತು, ಹಲ್ಲು ಕಡಿಯುತ್ತಿದ್ದಳು, ಕುಂತಲ್ಲೇ ಎದೆ ಓಡಿಬಂದವರ ಹಾಗೆ ಬಡಿದುಕೊಳ್ಳುತ್ತಿತ್ತು. ನಗೆ ಯಾವಾಗ ನಿಂತಿತೋ ತಿಳಿಯಲಿಲ್ಲ.

ಒಂದು ಮಧ್ಯಾಹ್ನ ನಾನು ಬಡಿಸಿದ ಪಲ್ಯವನ್ನು ಮೂಸಿ ತಾಟು ಸರಿಸಿದಳು.

"ಇದರಾಗ ಏನ್ ಹಾಕೀದಿ?"

"ದಿನಾ ಹಾಕೂ ಮಸಾಲಿನ, ಅಕ್ಕಾ."

"ನನ್ನ ಮುಂದ ನಾಟಕ ಮಾಡಬ್ಯಾಡ. ನೀನೂ ಅವರೂ ಪಡಸಾಲ್ಯಾಗ ನನ್ನ ಸುದ್ದಿ ಮಾತಾಡೂದು ಕೇಳೇನಿ."

ಅವರು ಎಂದರೆ ಅವಳ ಗಂಡ, ನನಗೆ ಬಾವನವರು. ಅವರೆದುರು ನಾನು ತಲೆಯ ಮೇಲಿನ ಸೆರಗು ಸರಿಸಿದವಳಲ್ಲ.

ಅಂದಿನಿಂದ ಅವಳು ಬೇರೆ ಒಲೆ ಹೂಡಿದಳು. ಕುಡಿಯುವ ನೀರನ್ನೂ ತಾನೇ ಸೇದಿ ತಂದಳು. ಅತ್ತೆ ಮಾಟವಿರಬೇಕೆಂದು ದೇವರ ಹಿಪ್ಪರಗಿಯಿಂದ ತಾಯಿತ ತರಿಸಿ ಕಟ್ಟಿದರು. ಮನೆಗೆ ಹೊಸಬಳು ನಾನೊಬ್ಬಳೇ. ಒಲೆಯ ಹತ್ತಿರ ಹೋದರೆ ಅತ್ತೆಯ ಕಣ್ಣೂ ನನ್ನ ಕೈಯ ಮೇಲಿರುತ್ತಿತ್ತು.

ನನ್ನ ಅನುಮಾನವೆಲ್ಲ ಆ ಪೊಟ್ಟಣದ ಮೇಲೆ. ಒಂದು ಗುಳಿಗೆಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಗಂಡನ ಜೊತೆ ಸರ್ಕಾರಿ ದವಾಖಾನೆಗೆ ಹೋದೆ. ಹಸಿವು ಕೊಲ್ಲುವ ಗುಳಿಗೆಯಂತೆ ಎಂದು ಕೊಟ್ಟಾಗ ಡಾಕ್ಟರು ಅದನ್ನು ಬೆರಳಲ್ಲಿ ಹೊರಳಿಸಿದರು.

"ಬರೇ ನೋಡಿ ಹೆಸರು ಹೇಳಾಕ ಆಗೂದಿಲ್ಲ, ಯವ್ವಾ. ನಿದ್ದಿ ಮಾಡ್ತಾರೇನು?"

"ಇಲ್ರಿ."

"ಮಂದಿ ಮ್ಯಾಲೆ ಸಂಶಯ ಪಡ್ತಾರೇನು?"

ಅದನ್ನು ನಾನಿನ್ನೂ ಹೇಳಿರಲಿಲ್ಲ. ಹೌದ್ರಿ ಎನ್ನುವಾಗ ನನಗೆ ಅಳು ಬಂತು.

"ಹಸಿವಿ ಕಟ್ಟೂ ಔಷಧದಾಗ ಕೆಲವು ಹಿಂಗ ತಲಿ ಕೆಡಸ್ತಾವು. ಅವನ್ನ ಮೊದಲು ನಿಂದರಸ್ರಿ. ಬಿಜಾಪುರದಾಗ ದೊಡ್ಡ ಡಾಕ್ಟರಿಗೆ ತೋರಸ್ರಿ."

ಬಾವನವರು ಹಿಂದೆಮುಂದೆ ನೋಡಿದರು. ಸುದ್ದಿ ತಿಳಿದು ಬಂದ ಅಕ್ಕನ ಅಣ್ಣ ನನ್ನ ಕಡೆ ಕೈ ತೋರಿಸಿ, "ನಮ್ಮ ತಂಗಿ ತೆಳ್ಳಗ ಆಗಿದ್ದು ಈಕಿಗೆ ನೋಡಾಕ ಆಗವಲ್ದು" ಎಂದರು. ಮಾತು ಇನ್ನೂ ನಡೆದಿರುವಾಗಲೇ ಅಕ್ಕ ಬಾವಿಯ ಹತ್ತಿರ ಕಣ್ಣಿಗೆ ಕತ್ತಲೆ ಬಂದು ಬಿದ್ದಳು. ಆಮೇಲೆ ಯಾರೂ ವಾದ ಮಾಡಲಿಲ್ಲ.

ಬಿಜಾಪುರದಲ್ಲಿ ಗುಳಿಗೆ ಬಿಡಿಸಿದರು. ಮನೆಗೆ ಬಂದವಳು ಉಣ್ಣಲು ಎದ್ದು ಮತ್ತೆ ಮಲಗುತ್ತಿದ್ದಳು. ಮುಂದಿನ ಜೋಳದ ರಾಶಿಯ ಹೊತ್ತಿಗೆ ಹೋದ ಮೈಯೆಲ್ಲ ತಿರುಗಿ ಬಂದಿತ್ತು. ಮಕ್ಕಳಾಗಲಿಲ್ಲ. ಅವಳ ಅಣ್ಣ ಸೊಲ್ಲಾಪುರಕ್ಕೆ ಹೋಗಿ ಕೇಳಿದರೆ, ಹೇಳಿದಂತೆ ತೆಗೆದುಕೊಂಡಿರಲಿಕ್ಕಿಲ್ಲ ಎಂದು ಡಾಕ್ಟರು ಎದ್ದುಬಿಟ್ಟರಂತೆ. ಹೊರಗೆ ಬೆಂಚಿನ ತುಂಬ ಹೆಂಗಸರು ಸರದಿ ಕಾಯುತ್ತಿದ್ದರಂತೆ.

ಅಕ್ಕ ನನ್ನ ಕೈ ಅಡಿಗೆಯನ್ನು ಮತ್ತೆ ಉಂಡಳು, ಮತ್ತೆ ನಕ್ಕಳು. ಕೆಲವು ವರ್ಷಗಳ ಮೇಲೆ ಬಸವನ ಬಾಗೇವಾಡಿಯಲ್ಲಿ ಒಂದು ಮದುವೆ ಮುಗಿಸಿಕೊಂಡು ಇಬ್ಬರೂ ಬಸ್ ನಿಲ್ದಾಣದಲ್ಲಿ ಕೂತಿದ್ದೆವು. ಇದ್ದಕ್ಕಿದ್ದಂತೆ ಕೇಳಿದಳು:

"ಖರೇ ಹೇಳು. ಅವತ್ತ ಪಲ್ಯಾದಾಗ ನೀ ಏನೂ ಹಾಕಿದ್ದಿಲ್ಲ, ಹೌದಲ್ಲ?"

"ಇಲ್ಲಕ್ಕಾ."

"ಹೂಂ" ಎಂದು ಬಸ್ಸು ಬರುವ ಕಡೆ ನೋಡುತ್ತ ಕೂತಳು. ನಂಬಿದಳೆಂದು ನಾನು ಹೇಳಲಾರೆ.