ಶೇಷ ಉಳಿಯದಂತೆ ತಿಂದ ಉಂಡೆಗಳು

ಅಕ್ಕನ ಮದುವೆಯಲ್ಲಿ ನಾನು ಉಂಡೆ ಕದ್ದು ತಿಂದೆ. ಅದೇನೂ ದೊಡ್ಡ ಪಾಪವಲ್ಲ, ಮದುವೆಮನೆಯಲ್ಲಿ ಯಾರು ತಿನ್ನುವುದಿಲ್ಲ? ಗಣಿತ ಮಾಡಿ ತಿಂದೆನಲ್ಲ, ಅದನ್ನು ಈಗ ಒಪ್ಪಿಕೊಳ್ಳಬೇಕಾಗಿದೆ.

ಹೈಸ್ಕೂಲು ಮುಗಿಸಿ ನಮ್ಮೂರು ಮೆಣಸೆಗೆ ಮರಳಿದ್ದೆ. ಓದಿದವನೆಂದು ಅಪ್ಪ ಉಗ್ರಾಣದ ಬೀಗದ ಕೈಯನ್ನು ನನಗೇ ಕೊಟ್ಟರು. ಒಳಗೆ ರವೆ ಉಂಡೆಗಳಿದ್ದವು. ಅಡುಗೆ ಭಟ್ಟರದು ಒಂದು ಕ್ರಮ: ಒಂದು ತಟ್ಟೆ ರವೆಗೆ ಪಾಕ ಬೆರೆಸಿ, ಬಿಸಿ ಆರುವುದರೊಳಗೆ ಒಂಬತ್ತು ಉಂಡೆ ಕಟ್ಟಿ, ಗೋಡೆಗೆ ಒಂದು ಮಸಿಗೆರೆ ಎಳೆಯುವುದು. ಇಪ್ಪತ್ತು ಗೆರೆಗಳಾಗಿದ್ದವು. ಅಂದರೆ ನೂರ ಎಂಬತ್ತು ಉಂಡೆ.

ಮೊದಲು ಎರಡೇ ತಿಂದೆ. ಆಮೇಲೆ ಹೆದರಿಕೆಯಾಯಿತು. ಉಳಿದದ್ದು ನೂರ ಎಪ್ಪತ್ತೆಂಟು. ಒಂದು, ಏಳು, ಎಂಟು ಕೂಡಿದರೆ ಹದಿನಾರು. ಅಂಕಿಗಳ ಮೊತ್ತ ಒಂಬತ್ತರಿಂದ ಭಾಗವಾಗದಿದ್ದರೆ ಸಂಖ್ಯೆಯೂ ಆಗದು ಎಂದು ಮೇಷ್ಟ್ರು ಕಲಿಸಿದ್ದರು. ಹದಿನಾರರಲ್ಲಿ ಒಂಬತ್ತು ಕಳೆದರೆ ಶೇಷ ಏಳು. ಆ ಏಳನ್ನೂ ತಿಂದುಬಿಟ್ಟರೆ ಕಳ್ಳತನದ ಗುರುತೇ ಇರುವುದಿಲ್ಲ! ಆರನೆಯದು ಗಂಟಲಲ್ಲಿ ನಿಂತಿತು. ತಂಬಿಗೆ ನೀರು ಕುಡಿದು ಏಳನೆಯದನ್ನು ಇಳಿಸಿದೆ.

ಸಂಜೆ ಅಪ್ಪ ಎಣಿಸಿದರು.

"ಎಂತ ಭಟ್ರೇ, ಇಪ್ಪತ್ತು ಸಲ ಕಟ್ಟಿದೆ ಅಂದ್ರಿ, ಹತ್ತೊಂಬತ್ತು ಸಲದ್ದೇ ಇದೆಯಲ್ಲ? ಒಂದು ಗೆರೆ ತೂಕಡಿಸ್ತಾ ಎಳೆದ್ರಾ ಮಾರಾಯ್ರೇ?"

"ಇಲ್ಲ ರಾಯರೇ, ಇಪ್ಪತ್ತೇ. ಯಾರೋ ತಿಂದಿರ್ಬೇಕು."

"ತಿನ್ನೋರು ಒಂದೆರಡು ತಿಂತಾರೆ. ಸರಿಯಾಗಿ ಒಂಬತ್ತು ತಿನ್ನೋಕೆ ಭೀಮ ಬಂದಿದ್ನಾ?"

ಭಟ್ಟರು ನನ್ನ ಕಡೆ ತಿರುಗಿದರು. "ನೀನು ಓದಿದವ ಮಾಣಿ. ನೀನೇ ಹೇಳು."

ನಾನು ಸ್ಲೇಟು ತಂದು ನೂರ ಎಪ್ಪತ್ತೊಂದನ್ನು ಒಂಬತ್ತರಿಂದ ಭಾಗಿಸಿ ತೋರಿಸಿದೆ. "ಶೇಷ ಸೊನ್ನೆ ಭಟ್ರೇ. ಯಾರಾದ್ರೂ ತಿಂದಿದ್ರೆ ಏನಾದ್ರೂ ಉಳೀತಿತ್ತು." ಮಾತಿನ ಹಿಂದೆಯೇ ಏಲಕ್ಕಿ ತೇಗು ಬಂತು. ಯಾರೂ ಗಮನಿಸಲಿಲ್ಲ, ಅಷ್ಟರಮಟ್ಟಿಗೆ ಎಲ್ಲರೂ ಸ್ಲೇಟನ್ನು ನಂಬಿದ್ದರು.

ಭಟ್ಟರು ಗೋಡೆಯ ಹತ್ತಿರ ಹೋದರು. "ಹಂಗಾದ್ರೆ ನಂದೇ ತಪ್ಪು. ವಯಸ್ಸಾಯ್ತು" ಎಂದು ಹೆಗಲ ವಸ್ತ್ರದಿಂದ ಒಂದು ಗೆರೆ ಒರೆಸಿದರು. ನಮ್ಮ ಸುತ್ತಿನ ಊರುಗಳಲ್ಲಿ ಅವರ ಎಣಿಕೆ ತಪ್ಪಿದ್ದನ್ನು ಅದುವರೆಗೆ ಯಾರೂ ಕಂಡಿರಲಿಲ್ಲ. ಆಗಲಾದರೂ ಬಾಯಿಬಿಡಬಹುದಿತ್ತು. ನನಗೆ ಹೊಟ್ಟೆಯುಬ್ಬರ ಬೇರೆ, ಹೊರಗೆ ಓಡಿದೆ.

ಮರುವರ್ಷ ನಾನು ಹೋಗಿದ್ದ ನೆಮ್ಮಾರಿನ ಮದುವೆಯೊಂದರಲ್ಲಿ ಅದೇ ಭಟ್ಟರು ಅಡುಗೆಯವರು. ಪಕ್ಕದಲ್ಲಿ ಮಣೆ ಹಾಕಿಕೊಂಡು ಅವರ ಹೆಂಡತಿ ಕುಳಿತಿದ್ದರು. ಉಂಡೆ ಕಟ್ಟುತ್ತಿದ್ದ ಭಟ್ಟರು ಕೈ ತಡೆದು ಕೇಳಿದರು:

"ಎಷ್ಟಾಯ್ತೇ?"

"ಏಳು. ಈಗಷ್ಟೇ ಹೇಳಿದ್ನಲ್ಲ!"

"ಸರಿಯಾಗಿ ನೋಡೇ. ನನ್ನ ಲೆಕ್ಕ ನಂಬೋ ಹಾಗಿಲ್ಲ."